ದಾಸ್ತಾನು ಕರಗಿದ ಮೇಲೆ ತಿಳಿದ ಲೆಕ್ಕ: ಹಾವುಮೀನಿನ ಬದುಕು ಮತ್ತು ವ್ಯಾಪಾರ

2018ರ ಹಂಗಾಮಿನಲ್ಲಿ ಜಪಾನಿನ ಹಾವುಮೀನು ಸಾಕಣೆದಾರರು ಬಿತ್ತನೆ ಮರಿಗಾಗಿ ತೆತ್ತ ಬೆಲೆ ಕಿಲೋಗ್ರಾಮಿಗೆ ಸರಾಸರಿ ಸುಮಾರು 30 ಲಕ್ಷ ಯೆನ್. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 18 ಲಕ್ಷ ರೂಪಾಯಿಗಳಿಗೆ ಸಮ. ಅಷ್ಟೇ ತೂಕದ ಬೆಳ್ಳಿಯ ಅಂದಿನ ಬೆಲೆಗಿಂತ ಇದು ಹತ್ತಾರು ಪಟ್ಟು ಹೆಚ್ಚು. ಒಂದೊಂದು ಮರಿಯೂ ಬೆರಳುದ್ದದ, ಗಾಜಿನ ಎಳೆಯಂತಹ ಜೀವಿ. ಅದನ್ನು ಕೊಂಡವರು ತಿಂಗಳುಗಟ್ಟಲೆ ಮೇವು ಹಾಕಿ ಬೆಳೆಸಿದ ನಂತರವೇ ಮಾರುಕಟ್ಟೆಗೆ ಒಯ್ಯಬಹುದು.

ಈ ಬೆಲೆಯ ಹಿಂದೆ ಒಂದು ವಿಚಿತ್ರ ಸಂಗತಿಯಿದೆ. ಏಷ್ಯಾ, ಯುರೋಪ್ ಮತ್ತು ಅಮೆರಿಕ ಖಂಡಗಳನ್ನು ವ್ಯಾಪಿಸಿರುವ, ಕೋಟ್ಯಂತರ ರೂಪಾಯಿಗಳ ಹಾವುಮೀನು ಉದ್ಯಮವು ತನಗೆ ಬೇಕಾದ ಕಚ್ಚಾ ಸಾಮಗ್ರಿಯನ್ನು ಇಂದಿಗೂ ವಾಣಿಜ್ಯ ಪ್ರಮಾಣದಲ್ಲಿ ತಾನೇ ಉತ್ಪಾದಿಸಲಾರದು. ಕೋಳಿ ಸಾಕುವವರಿಗೆ ಮೊಟ್ಟೆಯಿದೆ, ಸಿಗಡಿ ಸಾಕುವವರಿಗೆ ಮೊಟ್ಟೆಕೇಂದ್ರಗಳಿವೆ. ಹಾವುಮೀನು ಸಾಕುವವರಿಗಾದರೋ ಕಡಲಿನಿಂದ ಅಳಿವೆಗೆ ತಾನಾಗಿ ಬರುವ ಮರಿಯೇ ಗತಿ. ಆ ಮರಿಗಳ ಬರವು 1980ರ ಸುಮಾರಿನಿಂದ ಕುಸಿಯುತ್ತ ಬಂತು. ಆದರೆ ವ್ಯಾಪಾರಕ್ಕೆ ಅದರ ಪೂರ್ಣ ಅರಿವಾದದ್ದು ಬಹಳ ತಡವಾಗಿ. ಏಕೆ ತಡವಾಯಿತು ಎಂಬುದು ಮೀನುಗಾರಿಕೆಗೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ನಿಸರ್ಗದಿಂದ ಬರುವ ಸರಕನ್ನು ನೆಚ್ಚಿಕೊಂಡಿರುವ ಪ್ರತಿಯೊಬ್ಬ ವರ್ತಕನೂ ಉತ್ಪಾದಕನೂ ಗಮನಿಸಬೇಕಾದ ವಿಷಯ ಇದು.

ಎರಡು ಊರಿನ ಜೀವಿ

ಹಾವುಮೀನು ಎಂಬ ಹೆಸರಿನಿಂದ ಹಲವು ಬಗೆಯ ಉದ್ದನೆಯ ಮೀನುಗಳನ್ನು ಕರೆಯುವುದುಂಟು. ಇಲ್ಲಿ ಪ್ರಸ್ತಾಪಿಸುತ್ತಿರುವುದು ಅಂಗ್ವಿಲ್ಲ ಕುಲಕ್ಕೆ ಸೇರಿದ, ಸಿಹಿನೀರಿನಲ್ಲಿ ಬೆಳೆದು ಕಡಲಿನಲ್ಲಿ ಮೊಟ್ಟೆಯಿಡುವ ಮೀನುಗಳನ್ನು. ಸಾಲ್ಮನ್ ಮೀನಿನ ಕ್ರಮ ಇದಕ್ಕೆ ತದ್ವಿರುದ್ಧ. ಅದು ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಬರುತ್ತದೆ.

ಯುರೋಪಿನ ಹಾವುಮೀನು ಎಲ್ಲಿ ಹುಟ್ಟುತ್ತದೆ ಎಂಬುದು ಶತಮಾನಗಳ ಕಾಲ ಒಗಟಾಗಿಯೇ ಉಳಿದಿತ್ತು. ಅದರ ಗಂಡು ಜನನಾಂಗವನ್ನು ಹುಡುಕುತ್ತ 1876ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ನೂರಾರು ಮೀನುಗಳನ್ನು ಸೀಳಿ ನೋಡಿದ ವಿದ್ಯಾರ್ಥಿಯೊಬ್ಬರು ಮುಂದೆ ಮನಶ್ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದರು. ಅವರೇ ಸಿಗ್ಮಂಡ್ ಫ್ರಾಯ್ಡ್. 1896ರಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಕಲಂದ್ರುಚ್ಚೊ ಅವರು, ಕಡಲಿನಲ್ಲಿ ಸಿಗುತ್ತಿದ್ದ ಎಲೆಯಾಕಾರದ ಒಂದು ಪುಟ್ಟ ಜೀವಿ ಬೇರೆ ಮೀನಲ್ಲ, ಹಾವುಮೀನಿನ ಲಾರ್ವಾ ಎಂದು ತೋರಿಸಿಕೊಟ್ಟರು. ಡೆನ್ಮಾರ್ಕಿನ ಯೊಹಾನೆಸ್ ಷ್ಮಿಟ್ ಅವರು 1904ರಿಂದ ಈ ಲಾರ್ವಾಗಳ ಬೆನ್ನುಹತ್ತಿದರು. ಸಂಶೋಧನಾ ನೌಕೆಗಳು ಸಾಲದಾದಾಗ ಅವರು ಹಡಗು ಕಂಪೆನಿಗಳ ನೆರವು ಕೋರಿದರು. ಅಟ್ಲಾಂಟಿಕ್ ದಾಟುವ ಸರಕು ಹಡಗುಗಳು ತಮ್ಮ ದಾರಿಯಲ್ಲಿ ಬಲೆ ಎಳೆದು, ಸಿಕ್ಕಿದ ಲಾರ್ವಾಗಳನ್ನು ಸೀಸೆಗಳಲ್ಲಿಟ್ಟು ಅವರಿಗೆ ತಲುಪಿಸಿದವು. ಪಶ್ಚಿಮಕ್ಕೆ ಹೋದಷ್ಟೂ ಲಾರ್ವಾಗಳು ಕಿರಿದಾಗುತ್ತ ಹೋದವು. ಅತಿ ಕಿರಿಯವು, ಕೆಲವೇ ಮಿಲಿಮೀಟರ್ ಉದ್ದದವು, ದೊರೆತದ್ದು ಬರ್ಮುಡಾ ದ್ವೀಪದ ದಕ್ಷಿಣಕ್ಕಿರುವ ಸಾರ್ಗ್ಯಾಸೊ ಸಮುದ್ರದಲ್ಲಿ. 1920ರ ದಶಕದ ಆರಂಭದಲ್ಲಿ ಷ್ಮಿಟ್ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಜಪಾನಿನ ಹಾವುಮೀನಿನ ತವರು ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಪಶ್ಚಿಮಕ್ಕಿದೆ. ಅಲ್ಲಿ ಅದರ ಮೊಟ್ಟೆಗಳು ಕೈಗೆ ಸಿಕ್ಕಿದ್ದು 2009ರಲ್ಲಿ.

ಸಾರ್ಗ್ಯಾಸೊ ಸಮುದ್ರದಲ್ಲಿ ಯುರೋಪಿನ ಹಾವುಮೀನು ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡವರು ಇನ್ನೂ ಯಾರೂ ಇಲ್ಲ. ಅಝೋರ್ಸ್ ದ್ವೀಪಗಳ ಬಳಿ ಉಪಗ್ರಹ ಸಂಜ್ಞಾ ಸಾಧನ ತೊಡಿಸಿ ಬಿಟ್ಟ ಮೀನುಗಳ ಪೈಕಿ ಕೆಲವು ಆ ಸಮುದ್ರವನ್ನು ತಲುಪಿದ್ದನ್ನು ವಿಜ್ಞಾನಿಗಳು 2022ರಲ್ಲಿ ವರದಿ ಮಾಡಿದರು. ಬೆಳೆದ ಮೀನು ಅಲ್ಲಿಗೆ ಹೋಗುತ್ತದೆ ಎಂಬುದಕ್ಕೆ ದೊರೆತ ಮೊದಲ ನೇರ ಸಾಕ್ಷ್ಯ ಅದು.

ಅಳಿವೆ ಎಂಬ ಹೆಬ್ಬಾಗಿಲು

ಕಡಲಿನ ಪ್ರವಾಹದೊಡನೆ ತೇಲಿ ಬರುವ ಎಲೆಯಾಕಾರದ ಲಾರ್ವಾ ಯುರೋಪಿನ ತೀರ ಸಮೀಪಿಸುತ್ತಿದ್ದಂತೆ ರೂಪ ಬದಲಿಸಿ, 6–7 ಸೆಂಟಿಮೀಟರ್ ಉದ್ದದ ಪಾರದರ್ಶಕ ಮರಿಯಾಗುತ್ತದೆ. ಇದನ್ನೇ ವ್ಯಾಪಾರದಲ್ಲಿ ಗ್ಲಾಸ್ ಈಲ್, ಅಂದರೆ ಗಾಜುಮರಿ ಎಂದು ಕರೆಯುತ್ತಾರೆ. ಒಂದು ಕಿಲೋಗ್ರಾಮಿಗೆ ಸುಮಾರು 3,000 ಮರಿಗಳು ತೂಗುತ್ತವೆ.

ಗಾಜುಮರಿಗೆ ನದಿಯ ಸೆಳವಿಗೆ ಎದುರಾಗಿ ಈಜುವಷ್ಟು ಬಲವಿಲ್ಲ. ಅದು ಉಬ್ಬರದ ನೀರಿನ ಮೇಲೆ ಸವಾರಿ ಮಾಡುತ್ತದೆ. ಉಬ್ಬರ ಬಂದಾಗ ಮೇಲೆದ್ದು ನೀರಿನೊಡನೆ ಒಳನಾಡಿನತ್ತ ಸಾಗುತ್ತದೆ. ಇಳಿತ ಆರಂಭವಾದೊಡನೆ ತಳಕ್ಕಿಳಿದು ಕೆಸರು, ಕಲ್ಲುಗಳ ಮರೆಯಲ್ಲಿ ಕಾಯುತ್ತದೆ. ಉಪ್ಪುನೀರಿನಿಂದ ಸಿಹಿನೀರಿಗೆ ಶರೀರವನ್ನು ಒಗ್ಗಿಸಿಕೊಳ್ಳುವುದೂ ಇಲ್ಲಿಯೇ. ಆದ್ದರಿಂದ ಅಳಿವೆಯು ಮರಿಯ ಪಾಲಿಗೆ ದಾರಿಯೂ ಹೌದು, ತಂಗುದಾಣವೂ ಹೌದು. ಕೆಲವು ಮೀನುಗಳು ನದಿಯನ್ನೇ ಏರದೆ ಇಡೀ ಬಾಳನ್ನು ಅಳಿವೆಯ ಚೌಳು ನೀರಿನಲ್ಲಿ ಕಳೆಯುತ್ತವೆ. ಮೀನಿನ ಕಿವಿಕಲ್ಲಿನ ಪದರಗಳಲ್ಲಿರುವ ಸ್ಟ್ರಾನ್ಷಿಯಂ ಅಂಶವನ್ನು ಅಳೆದು ವಿಜ್ಞಾನಿಗಳು ಈ ಸಂಗತಿಯನ್ನು ದೃಢಪಡಿಸಿಕೊಂಡಿದ್ದಾರೆ.

ನದಿ ಸೇರಿದ ಮರಿ ಬಣ್ಣ ತಳೆದು ಹಳದಿ ಹಂತಕ್ಕೆ ಬರುತ್ತದೆ. ಹುಳು, ಸಿಗಡಿ, ಕಪ್ಪೆ, ಸಣ್ಣ ಮೀನುಗಳನ್ನು ತಿನ್ನುತ್ತ ಐದರಿಂದ ಇಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೆಳೆಯುತ್ತದೆ. ಕಾಲ ಕೂಡಿದಾಗ ಬೆನ್ನು ಕಪ್ಪಾಗಿ, ಹೊಟ್ಟೆ ಬೆಳ್ಳಿಯಂತೆ ಹೊಳೆಯುತ್ತದೆ. ಕಣ್ಣು ದೊಡ್ಡದಾಗುತ್ತದೆ, ಕರುಳು ಕುಗ್ಗುತ್ತದೆ. ಆಮೇಲೆ ಅದು ಆಹಾರ ಮುಟ್ಟುವುದಿಲ್ಲ. ಶರತ್ಕಾಲದ ಕತ್ತಲ ರಾತ್ರಿಗಳಲ್ಲಿ, ನದಿ ತುಂಬಿ ಹರಿಯುವಾಗ, ಈ ಬೆಳ್ಳಿಮೀನು ಕಡಲಿಗಿಳಿದು ಐದಾರು ಸಾವಿರ ಕಿಲೋಮೀಟರ್ ದೂರದ ತವರಿಗೆ ಹೊರಡುತ್ತದೆ. ದಾರಿಯ ಬುತ್ತಿಯೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಮಾತ್ರ. ಬಾಳಿನಲ್ಲಿ ಒಮ್ಮೆ ಮಾತ್ರ ಸಂತಾನೋತ್ಪತ್ತಿ ಮಾಡಿ ಅಲ್ಲಿಯೇ ಸಾಯುತ್ತದೆ ಎಂಬುದು ವಿಜ್ಞಾನಿಗಳ ಅಭಿಮತ.

ಮರಿಗೆ ಬಂದ ಬೆಲೆ

ಹಾವುಮೀನಿನ ಅತಿ ದೊಡ್ಡ ಮಾರುಕಟ್ಟೆ ಬಹುಕಾಲದಿಂದ ಜಪಾನ್. ಸೀಳಿ, ಸೋಯಾ ರಸ ಸವರಿ, ಕೆಂಡದ ಮೇಲೆ ಬೇಯಿಸುವ ಕಬಯಾಕಿ ಅಲ್ಲಿನ ಬೇಸಗೆಯ ಪ್ರಿಯ ಖಾದ್ಯ. ಅಲ್ಲಿ ಹಾವುಮೀನು ಸಾಕಣೆ 1879ರಷ್ಟು ಹಿಂದೆಯೇ ಟೋಕಿಯೊ ನಗರದಲ್ಲಿ ಮೊದಲಾಯಿತು. 2000ದ ಸುಮಾರಿಗೆ ಜಪಾನಿನ ಮಾರುಕಟ್ಟೆಗೆ ಆಮದೂ ಸೇರಿ ವರ್ಷಕ್ಕೆ ಸುಮಾರು 1.6 ಲಕ್ಷ ಟನ್ ಮೀನು ಬರುತ್ತಿತ್ತು. ಅನಂತರ ಅದು ಅರ್ಧಕ್ಕಿಂತ ಕೆಳಗಿಳಿಯಿತು.

ಜಪಾನಿನ ಸ್ವಂತ ಗಾಜುಮರಿ ಕಡಿಮೆಯಾದಾಗ ಪೂರ್ವ ಏಷ್ಯಾದ ಸಾಕಣೆದಾರರು ಯುರೋಪಿನ ಮರಿಯತ್ತ ಮುಖ ಮಾಡಿದರು. ಫ್ರಾನ್ಸಿನ ಲ್ವಾರ್ ಮತ್ತು ಜಿರೋಂದ್ ಅಳಿವೆಗಳಲ್ಲಿ, ಇಂಗ್ಲೆಂಡಿನ ಸೆವರ್ನ್ ನದೀಮುಖದಲ್ಲಿ ಹಿಡಿದ ಮರಿಗಳು 1990ರ ದಶಕದಲ್ಲಿ ವಿಮಾನವೇರಿ ಚೀನಾದ ಕೊಳಗಳಿಗೆ ಹೋದವು. ಅಲ್ಲಿ ಬೆಳೆದು, ಬೆಂದು, ಪೊಟ್ಟಣಗಳಲ್ಲಿ ಜಪಾನ್ ಸೇರಿದವು. ಸೆವರ್ನ್ ದಂಡೆಯಲ್ಲಿ ರಾತ್ರಿಯ ಉಬ್ಬರಕ್ಕೆ ಕಾದು ಕೈಬಲೆಯಿಂದ ಮರಿ ಗೋರುತ್ತಿದ್ದ ಹಳ್ಳಿಗರ ಉಪಕಸುಬು ಹೀಗೆ ಜಾಗತಿಕ ವ್ಯಾಪಾರದ ಮೊದಲ ಕೊಂಡಿಯಾಯಿತು.

ವರ್ತಕರಿಗೆ ಇದರ ಆಕರ್ಷಣೆ ಅರ್ಥವಾಗುವಂಥದ್ದೇ. ಒಂದು ಕಿಲೋಗ್ರಾಂ ತೂಕದ 3,000 ಮರಿಗಳಲ್ಲಿ ಅರ್ಧ ಮಾತ್ರ ಬದುಕಿ, ಒಂದೊಂದೂ 200 ಗ್ರಾಂ ತೂಗಿತು ಎಂದಿಟ್ಟುಕೊಂಡರೂ 300 ಕಿಲೋಗ್ರಾಂ ಮೀನು ಕೈಗೆ ಬರುತ್ತದೆ. ಒಂದಕ್ಕೆ ಮುನ್ನೂರರ ಈ ಗುಣಕವೇ ಮರಿಯ ಬೆಲೆಯನ್ನು ಏರಿಸಿತು. ಮುಂದೆ ಕಳ್ಳಸಾಗಣೆದಾರರನ್ನು ಸೆಳೆದದ್ದೂ ಇದೇ.

ತಡವಾಗಿ ಬಂದ ಲೆಕ್ಕಪತ್ರ

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ ಕಾಲದ ಅಂತರ. ಇಂದು ಅಳಿವೆಗೆ ಬರುವ ಮರಿ ಬೆಳ್ಳಿಮೀನಾಗಿ ಬಲೆಗೆ ಬೀಳುವುದು ಹತ್ತು-ಹದಿನೈದು ವರ್ಷಗಳ ನಂತರ. ಆದ್ದರಿಂದ ಮರಿಗಳ ಬರವು ನಿಂತರೂ ನದಿ ಸರೋವರಗಳಲ್ಲಿ ಮೊದಲೇ ಸೇರಿದ್ದ ಮೀನು ಹಲವು ವರ್ಷ ಸಿಗುತ್ತಲೇ ಇರುತ್ತದೆ. ಹೊಸ ಮಾಲು ಬರುವುದು ನಿಂತ ಅಂಗಡಿಯು ಗೋದಾಮಿನ ಹಳೆಯ ದಾಸ್ತಾನನ್ನು ಮಾರುತ್ತ, ದಿನದ ಗಲ್ಲಾಪೆಟ್ಟಿಗೆ ತುಂಬಿರುವುದನ್ನು ಕಂಡು ವ್ಯಾಪಾರ ಚೆನ್ನಾಗಿದೆ ಎಂದು ಭಾವಿಸಿದಂತೆ. ಯುರೋಪಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ.

ಸಮುದ್ರ ಸಂಶೋಧನೆಯ ಅಂತರರಾಷ್ಟ್ರೀಯ ಮಂಡಳಿಯು (ಐಸಿಇಎಸ್) 1960ರಿಂದ 1979ರವರೆಗಿನ ಸರಾಸರಿಯನ್ನು 100 ಎಂದು ಹಿಡಿದು ಪ್ರತಿ ವರ್ಷವೂ ಗಾಜುಮರಿಗಳ ಬರವನ್ನು ಅಂದಾಜು ಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಉತ್ತರ ಸಮುದ್ರದ ತೀರದಲ್ಲಿ ಈ ಸೂಚಿ ಒಂದರ ಆಸುಪಾಸಿಗೆ ಇಳಿದಿದೆ. ಯುರೋಪಿನ ಉಳಿದೆಡೆ ಹತ್ತರ ಆಸುಪಾಸಿನಲ್ಲಿದೆ. ಅಂದರೆ ಒಂದು ಕಾಲಕ್ಕೆ ನೂರು ಮರಿ ಬರುತ್ತಿದ್ದಲ್ಲಿ ಈಗ ಒಂದು, ಇಲ್ಲವೇ ಹತ್ತು. ಯುರೋಪಿನ ಹಾವುಮೀನನ್ನು 2008ರಲ್ಲಿ ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಜಪಾನಿನ ಹಾವುಮೀನು 2014ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯ ಅಪಾಯದ ವರ್ಗ ಸೇರಿತು. 2019ರಲ್ಲಿ ಜಪಾನಿನ ಅಳಿವೆಗಳಲ್ಲಿ ಸಿಕ್ಕ ಗಾಜುಮರಿ ಒಟ್ಟು 3.7 ಟನ್ ಮಾತ್ರ. 1960ರ ದಶಕದ ಆರಂಭದಲ್ಲಿ ಇದು 200 ಟನ್ ಮೀರಿದ್ದ ವರ್ಷವೂ ಇತ್ತು.

ನದಿಯಲ್ಲಿ ಆದ ನಷ್ಟಗಳು

ಕುಸಿತಕ್ಕೆ ಕಾರಣ ಒಂದೇ ಅಲ್ಲ. ಅತಿಯಾದ ಮರಿ ಹಿಡಿಯುವಿಕೆ, ಸಾಗರ ಪ್ರವಾಹಗಳ ಬದಲಾವಣೆ, ಜೌಗುಭೂಮಿಗಳ ನಾಶ ಎಲ್ಲವೂ ಚರ್ಚೆಯಲ್ಲಿವೆ. ಯಾವುದರ ಪಾಲು ಎಷ್ಟು ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ನದಿಯಲ್ಲಿ ಆಗಿರುವ ಮೂರು ನಷ್ಟಗಳು ಸ್ಪಷ್ಟವಾಗಿವೆ.

ಮೊದಲನೆಯದು ತಡೆಗಳು. ಯುರೋಪಿನ ನದಿಗಳಲ್ಲಿ ಅಣೆಕಟ್ಟು, ಒಡ್ಡು, ತೂಬು, ಮೋರಿ ಎಲ್ಲ ಸೇರಿ ಕನಿಷ್ಠ 12 ಲಕ್ಷ ತಡೆಗಳಿವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಇವುಗಳಲ್ಲಿ ಬಹುಪಾಲು ಎತ್ತರದ ಅಣೆಕಟ್ಟುಗಳಲ್ಲ, ಆಳೆತ್ತರವೂ ಇಲ್ಲದ ಸಣ್ಣ ಒಡ್ಡುಗಳು. ಮೇಲೇರುವ ಮರಿಗೆ ಇವು ದಾರಿ ಕಟ್ಟುತ್ತವೆ. ಕೆಳಗಿಳಿಯುವ ಬೆಳ್ಳಿಮೀನಿಗೆ ಜಲವಿದ್ಯುತ್ ಟರ್ಬೈನಿನ ಅಲಗುಗಳು ಎದುರಾಗುತ್ತವೆ. ದೇಹ ಉದ್ದವಾದಷ್ಟೂ ಅಲಗಿಗೆ ಸಿಲುಕುವ ಸಂಭವ ಹೆಚ್ಚು. ಹೀಗಾಗಿ ದೊಡ್ಡ ಹೆಣ್ಣುಮೀನುಗಳಿಗೇ, ಅಂದರೆ ಲಕ್ಷಗಟ್ಟಲೆ ಮೊಟ್ಟೆಯಿಡಬಲ್ಲವಕ್ಕೇ, ಹೆಚ್ಚಿನ ಅಪಾಯ.

ಎರಡನೆಯದು ಪರೋಪಜೀವಿ. ಪೂರ್ವ ಏಷ್ಯಾದ ಹಾವುಮೀನಿನ ಈಜುಚೀಲದಲ್ಲಿ ವಾಸಿಸುವ ಒಂದು ದುಂಡುಹುಳು ತನ್ನ ಮೂಲ ಆಶ್ರಯದಾತನಿಗೆ ಹೆಚ್ಚಿನ ಹಾನಿ ಮಾಡುವುದಿಲ್ಲ. 1980ರ ದಶಕದ ಆರಂಭದಲ್ಲಿ ಜೀವಂತ ಮೀನಿನ ಆಮದಿನೊಡನೆ ಅದು ಯುರೋಪಿಗೆ ಬಂದು ನದಿಯಿಂದ ನದಿಗೆ ಹಬ್ಬಿತು. ಹುಳು ಹತ್ತಿದ ಮೀನಿನ ಈಜುಚೀಲ ದಪ್ಪಗಟ್ಟಿ ಕೆಡುತ್ತದೆ. ನದಿಯಲ್ಲಿ ಅದು ಹೇಗೋ ಬದುಕೀತು. ನೂರಾರು ಮೀಟರ್ ಆಳದಲ್ಲಿ ಏರಿಳಿಯುತ್ತ ಸಾಗರ ದಾಟುವ ಶಕ್ತಿ ಅದಕ್ಕೆ ಉಳಿಯುವುದೇ ಎಂಬುದು ಸಂಶಯ. ಸರಕಿನ ಪಟ್ಟಿಯಲ್ಲಿ ನಮೂದಾಗದ ಈ ಆಮದು ಉದ್ಯಮಕ್ಕೆ ತಂದ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಇಲ್ಲ.

ಮೂರನೆಯದು ನೀರಿನ ಮಾಲಿನ್ಯ. ಪಿಸಿಬಿ, ಡಯಾಕ್ಸಿನ್ ಮುಂತಾದ ರಾಸಾಯನಿಕಗಳು ಕೊಬ್ಬಿನಲ್ಲಿ ಸಂಗ್ರಹವಾಗುತ್ತವೆ. ಪ್ರಯಾಣದಲ್ಲಿ ಕೊಬ್ಬು ಕರಗಿದಂತೆ ಅವು ಮತ್ತೆ ರಕ್ತಕ್ಕೆ ಸೇರುತ್ತವೆ. ಕೀಟನಾಶಕಗಳ ಪರಿಣಾಮಕ್ಕೆ ಜಪಾನಿನ ಶಿಂಜಿ ಸರೋವರದ ಉದಾಹರಣೆ ಗಮನಾರ್ಹ. ಸುತ್ತಲಿನ ಭತ್ತದ ಗದ್ದೆಗಳಲ್ಲಿ 1993ರಿಂದ ನಿಯೊನಿಕೊಟಿನಾಯ್ಡ್ ವರ್ಗದ ಕೀಟನಾಶಕ ಬಳಕೆಗೆ ಬಂತು. ಸರೋವರದ ಸೂಕ್ಷ್ಮಜೀವಿಗಳೂ ಕೀಟಗಳೂ ಕ್ಷೀಣಿಸಿದವು. ವರ್ಷಕ್ಕೆ ಸರಾಸರಿ 42 ಟನ್ ಇದ್ದ ಹಾವುಮೀನಿನ ಇಳುವರಿ ನಂತರದ ಅವಧಿಯಲ್ಲಿ ಸುಮಾರು 11 ಟನ್‌ಗಿಳಿಯಿತು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಕಾನೂನು ಮತ್ತು ಕಳ್ಳಪೇಟೆ

ಯುರೋಪಿನ ಒಕ್ಕೂಟವು 2007ರ ಸೆಪ್ಟೆಂಬರ್‌ನಲ್ಲಿ ಹಾವುಮೀನಿಗಾಗಿಯೇ ಒಂದು ನಿಯಮಾವಳಿ ಜಾರಿಗೊಳಿಸಿತು. ಮಾನವ ಹಸ್ತಕ್ಷೇಪವಿಲ್ಲದಿದ್ದರೆ ಎಷ್ಟು ತೂಕದ ಬೆಳ್ಳಿಮೀನು ಕಡಲು ಸೇರುತ್ತಿತ್ತೋ ಅದರ ಕನಿಷ್ಠ ಶೇಕಡ 40ರಷ್ಟಾದರೂ ಕಡಲು ಸೇರುವಂತೆ ಪ್ರತಿ ಸದಸ್ಯ ರಾಷ್ಟ್ರವೂ ಯೋಜನೆ ರೂಪಿಸಬೇಕು ಎಂಬುದು ಅದರ ತಿರುಳು. ಅದೇ ವರ್ಷ ಸೈಟಿಸ್ ಎಂದು ಕರೆಯಲಾಗುವ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಯುರೋಪಿನ ಹಾವುಮೀನು ಸೇರಿತು. 2009ರ ಮಾರ್ಚ್‌ನಿಂದ ಇದು ಜಾರಿಗೆ ಬಂತು. 2010ರ ಕೊನೆಯಿಂದ ಒಕ್ಕೂಟದ ಹೊರಗಣ ರಫ್ತು ಪೂರ್ಣವಾಗಿ ನಿಂತಿದೆ. 2021ರ ನವೆಂಬರ್‌ನಿಂದ ಐಸಿಇಎಸ್ ಮಂಡಳಿಯು ಯಾವ ಹಂತದ ಮೀನನ್ನೂ ಎಲ್ಲಿಯೂ ಹಿಡಿಯಬಾರದು ಎಂಬ ಸಲಹೆ ನೀಡುತ್ತ ಬಂದಿದೆ. ಸರಕಾರಗಳು ಅದನ್ನು ಪೂರ್ಣವಾಗಿ ಒಪ್ಪಿಲ್ಲ. 2023ರಿಂದ ಸಮುದ್ರ ಮತ್ತು ಅದಕ್ಕೆ ಹೊಂದಿಕೊಂಡ ನೀರುಗಳಲ್ಲಿ ವರ್ಷಕ್ಕೆ ಆರು ತಿಂಗಳ ನಿಷೇಧವನ್ನು ಒಕ್ಕೂಟ ಜಾರಿಗೊಳಿಸಿತು.

ಬೇಡಿಕೆ ಉಳಿದು ಕಾನೂನುಬದ್ಧ ಪೂರೈಕೆ ನಿಂತಾಗ ಕಳ್ಳಪೇಟೆ ಹುಟ್ಟುವುದು ಸಹಜ. ನೀರು ಮತ್ತು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿಗಳನ್ನಿಟ್ಟು, ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ವಿಮಾನದ ಮೂಲಕ ಸಾಗಿಸುವ ಜಾಲಗಳನ್ನು ಯುರೋಪೋಲ್ ಸಂಸ್ಥೆಯ ಸಮನ್ವಯದಲ್ಲಿ ಹಲವು ದೇಶಗಳ ಪೊಲೀಸರು ಭೇದಿಸಿದ್ದಾರೆ.

ಅಮೆರಿಕದ ಮೇನ್ ರಾಜ್ಯದಲ್ಲಿಯೂ ಬೆಲೆ ಜಿಗಿಯಿತು. ಒಂದು ಪೌಂಡಿಗೆ ಹಲವು ವರ್ಷ 200 ಡಾಲರಿನ ಆಸುಪಾಸಿನಲ್ಲಿದ್ದ ಅಮೆರಿಕನ್ ಗಾಜುಮರಿ 2012ರಲ್ಲಿ 1,800 ಡಾಲರಿಗೇರಿತು. ಅಲ್ಲಿ ಮೀನುಗಾರಿಕೆಯನ್ನು ನಿಲ್ಲಿಸುವ ಬದಲು ಕಟ್ಟುನಿಟ್ಟಾಗಿ ಅಳತೆ ಮಾಡುವ ದಾರಿ ಹಿಡಿದರು. 2014ರಿಂದ ಪ್ರತಿ ಪರವಾನಗಿದಾರನಿಗೂ ಹಿಡಿಯುವ ಮಿತಿ ನಿಗದಿಯಾಗಿದೆ. ಪ್ರತಿ ಮಾರಾಟವನ್ನೂ ಕಾರ್ಡ್ ಉಜ್ಜಿ ಯಂತ್ರದಲ್ಲಿ ದಾಖಲಿಸಬೇಕು. ಮಿತಿ ಮುಗಿದೊಡನೆ ಕಾರ್ಡ್ ಕೆಲಸ ಮಾಡದು. ಇಡೀ ರಾಜ್ಯಕ್ಕೆ ವರ್ಷಕ್ಕೆ 9,688 ಪೌಂಡ್, ಅಂದರೆ ಸುಮಾರು 4.4 ಟನ್, ಎಂಬ ಮಿತಿಯನ್ನು 2015ರಲ್ಲಿ ವಿಧಿಸಲಾಯಿತು.

ಅಂಗ್ವಿಲ್ಲ ಕುಲದ ಎಲ್ಲ ಪ್ರಭೇದಗಳನ್ನೂ ಸೈಟಿಸ್ ವ್ಯಾಪ್ತಿಗೆ ತರಬೇಕೆಂಬ ಪ್ರಸ್ತಾವವು 2025ರ ಕೊನೆಯಲ್ಲಿ ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ನಡೆದ ಸಮ್ಮೇಳನದಲ್ಲಿ ತಿರಸ್ಕೃತವಾಯಿತು. ಜಪಾನ್ ಇದನ್ನು ಬಲವಾಗಿ ವಿರೋಧಿಸಿದ ರಾಷ್ಟ್ರಗಳಲ್ಲಿ ಒಂದು.

ಒಂದು ಸಹಕಾರ ಸಂಘದ ಅನುಭವ

ಉತ್ತರ ಐರ್ಲೆಂಡಿನ ಲಾಕ್ ನೇ ಬ್ರಿಟಿಷ್ ದ್ವೀಪಗಳ ಅತಿ ದೊಡ್ಡ ಸಿಹಿನೀರಿನ ಸರೋವರ. ಸುಮಾರು 390 ಚದರ ಕಿಲೋಮೀಟರ್ ವಿಸ್ತಾರದ ಇದರ ದಂಡೆಯ ಕುಟುಂಬಗಳು ತಲೆಮಾರುಗಳಿಂದ ಹಾವುಮೀನನ್ನೇ ನಂಬಿ ಬದುಕಿದವು. ಮೀನಿನ ಹಕ್ಕು ಬಹುಕಾಲ ಖಾಸಗಿ ಒಡೆತನದಲ್ಲಿತ್ತು. 1965ರಲ್ಲಿ ಮೀನುಗಾರರು ಸಹಕಾರ ಸಂಘ ಕಟ್ಟಿದರು. ಆಲಿವರ್ ಕೆನಡಿ ಎಂಬ ಪಾದ್ರಿಯ ನೇತೃತ್ವದಲ್ಲಿ ಹಂತಹಂತವಾಗಿ ಪಾಲು ಕೊಂಡು, 1970ರ ದಶಕದ ಆರಂಭಕ್ಕೆ ಇಡೀ ಮೀನುಗಾರಿಕೆಯ ಒಡೆತನ ಪಡೆದರು. ಲಂಡನ್, ನೆದರ್ಲೆಂಡ್ಸ್ ಮತ್ತು ಜರ್ಮನಿಯ ಸಗಟು ವ್ಯಾಪಾರಿಗಳಿಗೆ ಸಂಘವೇ ನೇರವಾಗಿ ಮೀನು ಕಳಿಸತೊಡಗಿತು.

1980ರ ದಶಕದಲ್ಲಿ ಬ್ಯಾನ್ ನದಿಯ ಮೂಲಕ ಬರುವ ಮರಿಗಳು ಹಠಾತ್ತನೆ ಕಡಿಮೆಯಾದಾಗ ಸಂಘ ಕೈಕಟ್ಟಿ ಕೂರಲಿಲ್ಲ. ನದೀಮುಖದಲ್ಲಿ ಸಿಕ್ಕ ಮರಿಗಳನ್ನು ಅಡೆತಡೆ ದಾಟಿಸಿ ಲಾರಿಯಲ್ಲಿ ಸರೋವರಕ್ಕೆ ಸಾಗಿಸುವ ಕ್ರಮ ಮುಂದುವರಿಯಿತು. ಅದರೊಡನೆ ಸೆವರ್ನ್ ನದಿಯ ಗಾಜುಮರಿಯನ್ನು ತನ್ನ ಲಾಭದ ಹಣದಿಂದ ಕೊಂಡು ಸರೋವರಕ್ಕೆ ಬಿಟ್ಟಿತು. ಇಂದು ಬಿಟ್ಟ ಮರಿಗೆ ಫಲ ಬರುವುದು ಹದಿನೈದು ವರ್ಷಗಳ ನಂತರ ಎಂದು ತಿಳಿದೇ ಹಣ ತೊಡಗಿಸಿದ ಸಣ್ಣ ಮೀನುಗಾರರ ನಿರ್ಧಾರ ಅದು. 2011ರಲ್ಲಿ ಲಾಕ್ ನೇ ಹಾವುಮೀನಿಗೆ ಯುರೋಪಿನ ಭೌಗೋಳಿಕ ಗುರುತು ದೊರೆಯಿತು.

ಆದರೂ ಅವರ ಕಷ್ಟ ತೀರಲಿಲ್ಲ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ 2021ರಿಂದ ಸೆವರ್ನ್ ಮರಿಗೆ ಯುರೋಪಿನ ಗಡಿ ಮುಚ್ಚಿತು. 2023ರ ಬೇಸಗೆಯಲ್ಲಿ ಸರೋವರವನ್ನು ನೀಲಿ-ಹಸಿರು ಪಾಚಿ ಆವರಿಸಿತು. ಹೊಲಗಳ ಗೊಬ್ಬರ ಮತ್ತು ಊರುಗಳ ಕೊಳಚೆಯಿಂದ ಬಂದ ಪೋಷಕಾಂಶಗಳು ಇದಕ್ಕೆ ಮುಖ್ಯ ಕಾರಣವೆಂದು ಗುರುತಿಸಲಾಯಿತು. ತರುವಾಯ ಮೀನಿನ ಗುಣಮಟ್ಟ ಕುಗ್ಗಿ ಬಲೆ ಹಾಕುವುದನ್ನೇ ನಿಲ್ಲಿಸಬೇಕಾದ ಪರಿಸ್ಥಿತಿಯೂ ಬಂತು. ತನ್ನ ಪಾಲಿನ ಬಂಡವಾಳವನ್ನು ಜೋಪಾನ ಮಾಡಿದವನೂ ನೀರನ್ನು ಹಂಚಿಕೊಂಡ ಇತರರ ತಪ್ಪಿಗೆ ದಂಡ ತೆರಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ನೆರೆಯ ಐರ್ಲೆಂಡ್ ಗಣರಾಜ್ಯ ಬೇರೆ ದಾರಿ ಹಿಡಿಯಿತು. 2009ರಲ್ಲಿ ಅದು ವಾಣಿಜ್ಯ ಹಾವುಮೀನುಗಾರಿಕೆಯನ್ನೇ ಮುಚ್ಚಿತು. ಶ್ಯಾನನ್ ನದಿಯಲ್ಲಿ 1929ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಆರ್ಡ್ನಾಕ್ರುಷಾ ಸ್ಥಾವರದ ಮೇಲ್ಭಾಗದಲ್ಲಿ ಬೆಳ್ಳಿಮೀನುಗಳನ್ನು ಹಿಡಿದು, ವಾಹನದಲ್ಲಿ ಟರ್ಬೈನ್ ದಾಟಿಸಿ ಕೆಳಗೆ ಬಿಡುವ ಕೆಲಸ ಈಗ ನಡೆಯುತ್ತಿದೆ. ಹಿಂದೆ ಮಾರಾಟಕ್ಕಾಗಿ ಮೀನು ಹಿಡಿಯುತ್ತಿದ್ದವರ ಕೌಶಲವೇ ಇದಕ್ಕೆ ಬಳಕೆಯಾಗುತ್ತಿದೆ.

ಬದಲಿ ಸರಕು, ಹೊಸ ಕಸುಬು

ಕೊರತೆಯು ಕೆಲವು ಉದ್ಯಮಿಗಳನ್ನು ಹೊಸ ಯೋಚನೆಗೂ ಹಚ್ಚಿತು. ಸ್ಪೇನಿನ ಬಾಸ್ಕ್ ಪ್ರಾಂತದಲ್ಲಿ ಗಾಜುಮರಿಯನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆಗಳಲ್ಲಿ ಹುರಿದು ತಿನ್ನುವ ವಾಡಿಕೆಯಿದೆ. ಮರಿಯ ಬೆಲೆ ಸಾಮಾನ್ಯರ ಕೈಗೆಟುಕದಾದಾಗ, 1990ರ ದಶಕದ ಆರಂಭದಲ್ಲಿ ಅಲ್ಲಿನ ಸಂಸ್ಥೆಯೊಂದು ಅಗ್ಗದ ಮೀನಿನ ಅರೆದ ಮಾಂಸದಿಂದ ಅದೇ ಆಕಾರದ ‘ಗುಲಾ’ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಇಂದು ಸ್ಪೇನಿನ ಅಂಗಡಿಗಳಲ್ಲಿ ಇದು ಮಾಮೂಲಿ ಸರಕು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2009ರ ಹಾವುಮೀನು ನಿಯಮಗಳು ನದಿಯ ಒಡ್ಡುಗಳಲ್ಲಿ ಮೀನಿಗೆ ದಾರಿ ಕಲ್ಪಿಸುವುದನ್ನೂ, ನೀರೆತ್ತುವ ಕೊಳವೆಗಳಿಗೆ ಜಾಲರಿ ಅಳವಡಿಸುವುದನ್ನೂ ಕಡ್ಡಾಯಗೊಳಿಸಲು ಅವಕಾಶ ನೀಡಿದವು. ಹಾವುಮೀನಿನ ಮರಿಗೆ ದೊಡ್ಡ ಮೀನೇಣಿ ಬೇಕಿಲ್ಲ. ಇಳಿಜಾರು ಹಲಗೆಯ ಮೇಲೆ ಕುಂಚದಂತಹ ಗಟ್ಟಿ ಎಳೆಗಳನ್ನು ನೆಟ್ಟು, ಸಣ್ಣ ಧಾರೆ ನೀರು ಬಿಟ್ಟರೆ ಸಾಕು. ಎಳೆಗಳ ನಡುವೆ ಹೊರಳುತ್ತ ಮರಿ ಮೇಲೇರುತ್ತದೆ. ಇಂತಹ ಹಲಗೆ, ಗುಬಟು ಹಾಸು, ಜಾಲರಿಗಳ ತಯಾರಿಕೆ ಅಲ್ಲಿನ ಸಣ್ಣ ಉತ್ಪಾದಕರಿಗೆ ಕೆಲಸ ಒದಗಿಸಿದೆ.

ಮೊಟ್ಟೆಯಿಂದ ಮರಿ ಮಾಡುವ ಯತ್ನವೂ ನಿಂತಿಲ್ಲ. ಕೃತಕವಾಗಿ ಹುಟ್ಟಿಸಿದ ಮೀನಿನಿಂದಲೇ ಮತ್ತೆ ಮರಿ ಪಡೆಯುವ ಪೂರ್ಣ ಚಕ್ರವನ್ನು ಜಪಾನಿನ ಸರಕಾರಿ ಸಂಶೋಧಕರು 2010ರಲ್ಲಿ ಸಾಧಿಸಿದರು. ಒಂದು ಮರಿಯ ಉತ್ಪಾದನಾ ವೆಚ್ಚ 2016ರಲ್ಲಿ ಸುಮಾರು 40,000 ಯೆನ್ ಇದ್ದದ್ದು ಈಚಿನ ವರ್ಷಗಳಲ್ಲಿ ಸುಮಾರು 1,800 ಯೆನ್‌ಗೆ ಇಳಿದಿದೆ. ಆದರೂ ಅದು ಕಡಲಿನ ಮರಿಯ ಸಾಮಾನ್ಯ ಬೆಲೆಗಿಂತ ಬಹಳ ಹೆಚ್ಚು. ತಂತ್ರಜ್ಞಾನ ಒಂದಲ್ಲ ಒಂದು ದಿನ ಗೆದ್ದೀತು; ಅದುವರೆಗೆ ಕಡಲನ್ನೇ ನೆಚ್ಚಬೇಕು.

ಕರ್ನಾಟಕದ ನದಿಗಳಿಗೂ ಅನ್ವಯ

ಅಂಗ್ವಿಲ್ಲ ಕುಲದ ಮೀನುಗಳು ಭಾರತಕ್ಕೆ ಹೊಸತಲ್ಲ. ಮಚ್ಚೆಯುಳ್ಳ ಭಾರತೀಯ ಹಾವುಮೀನು ಪಶ್ಚಿಮ ಘಟ್ಟದ ನದಿಗಳಲ್ಲಿಯೂ ಕಾವೇರಿಯಲ್ಲಿಯೂ ಕಂಡುಬರುತ್ತದೆ. ಇದೂ ಕಡಲಿನಲ್ಲಿ ಹುಟ್ಟಿ, ಅಳಿವೆಯ ಮೂಲಕ ಒಳನಾಡಿಗೆ ಬಂದು ಬೆಳೆಯುವ ಜೀವಿ. ಇದರ ವ್ಯಾಪಾರ ಇಲ್ಲಿ ದೊಡ್ಡದಲ್ಲವಾದರೂ ಇದರ ಅಗತ್ಯಗಳು ಯುರೋಪಿನ ಸೋದರನವೇ: ತೆರೆದ ಅಳಿವೆ, ತಡೆಯಿಲ್ಲದ ನದಿ, ಶುದ್ಧ ನೀರು. ಕರಾವಳಿಯ ಹೊಳೆಗಳಲ್ಲಿ ಮಳೆಗಾಲದ ನಂತರ ಹಲಗೆ ಇಳಿಸುವ ಕಿಂಡಿ ಅಣೆಕಟ್ಟುಗಳು ಕೃಷಿಗೂ ಅಂತರ್ಜಲಕ್ಕೂ ಉಪಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಅವುಗಳ ಒಂದು ಬದಿಯಲ್ಲಿ ಮೀನಿಗೆ ಇಳಿಜಾರು ದಾರಿ ಬಿಡುವುದು ನಿರ್ಮಾಣದ ಹಂತದಲ್ಲಿಯೇ ಯೋಚಿಸಬಹುದಾದ ಅಗ್ಗದ ಏರ್ಪಾಡು. ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ್ದು, ಇಂತಹ ಜಲಪ್ರದೇಶಗಳ ಬೆಲೆಯನ್ನು ಜಗತ್ತು ಗುರುತಿಸುತ್ತಿರುವುದರ ಸೂಚನೆ.

ಹಾವುಮೀನಿನ ವ್ಯಾಪಾರದಲ್ಲಿದ್ದವರು ಅಜ್ಞಾನಿಗಳೂ ಅಲ್ಲ, ಅಪ್ರಾಮಾಣಿಕರೂ ಅಲ್ಲ. ಅವರು ನೋಡಿದ್ದು ಮಾರಾಟದ ಅಂಕಿಯನ್ನು. ನೋಡಬೇಕಾಗಿದ್ದುದು ಅಳಿವೆಗೆ ಬರುತ್ತಿದ್ದ ಮರಿಗಳ ಅಂಕಿಯನ್ನು. ಮೊದಲನೆಯದು ಗಲ್ಲಾಪೆಟ್ಟಿಗೆಯಲ್ಲಿ ದಿನವೂ ಸಿಗುತ್ತದೆ. ಎರಡನೆಯದನ್ನು ಯಾರಾದರೂ ನದಿಯ ಬಾಯಲ್ಲಿ ನಿಂತು ಎಣಿಸಬೇಕು. ಬಿದಿರು, ಶ್ರೀಗಂಧ, ಕಾಡಿನ ಉತ್ಪನ್ನ, ಕಡಲ ಮೀನು, ಕೊನೆಗೆ ಕೊಳವೆಬಾವಿಯ ನೀರು, ಹೀಗೆ ನಿಸರ್ಗದ ಯಾವ ಸರಕನ್ನು ನಂಬಿದ ಕಸುಬಿಗೂ ಈ ಎರಡನೆಯ ಎಣಿಕೆ ಅಗತ್ಯ. ಆ ಎಣಿಕೆಗೆ ತಗಲುವ ವೆಚ್ಚವನ್ನು ವ್ಯಾಪಾರಸ್ಥರ ಸಂಘಟನೆಗಳೇ ಹಂಚಿಕೊಂಡು ಭರಿಸುವುದು, ದಾಸ್ತಾನು ಮುಗಿದ ಮೇಲೆ ಬೀಳುವ ನಷ್ಟಕ್ಕಿಂತ ಬಹಳ ಕಡಿಮೆ ಎಂಬುದನ್ನು ಲಾಕ್ ನೇ ದಂಡೆಯ ಮೀನುಗಾರರು ಬಲ್ಲರು.